ಮುನಿಗಂಗಮ್ಮನ ಒಳಕೋಣೆ

ಹೊರಗಿನಿಂದ ಚಿಲಕ ಬಿದ್ದಾಗ ಚನ್ನಕೇಶವ ಒಳಕೋಣೆಯ ಗೋಡೆಗೆ ಅಳತೆ ಟೇಪಿನ ತುದಿಯನ್ನು ಒತ್ತಿ ಹಿಡಿದಿದ್ದ. ಗಾಳಿಗೆ ಬಾಗಿಲು ಹಾಕಿಕೊಂಡಿತು ಎಂದುಕೊಂಡ. ಆದರೆ ಆ ಕೋಣೆಗೆ ಗಾಳಿ ಬರುವುದಾದರೂ ಎಲ್ಲಿಂದ?

"ಅಮ್ಮಾ, ಬಾಗ್ಲು ತೆಗೀರಿ!"

ಬೀಗ ತಿರುಗಿದ ಸದ್ದು ಮಾತ್ರ ಕೇಳಿಸಿತು.

ಅವನು ಸರ್ಕಾರದ ನಕ್ಷೆಗಾರ. ಹಳೆಯ ಮನೆಗಳನ್ನು ಅಳೆದು, ಉಳಿಸತಕ್ಕವು ಯಾವುವೆಂದು ಬರೆಯುವುದು ಅವನ ಕೆಲಸ. ೧೯೬೨ರ ಆ ಬೇಸಿಗೆಯಲ್ಲಿ ಯಲಹಂಕದ ಬೀದಿ ಬೀದಿ ಅಲೆದರೂ ಮುನಿಗಂಗಮ್ಮನ ಮನೆಯಂಥದ್ದು ಇನ್ನೊಂದು ಸಿಕ್ಕಿರಲಿಲ್ಲ. ನೂರೈವತ್ತು ವರ್ಷದ ಮಣ್ಣಿನ ಗೋಡೆ, ಮೊಳಕ್ಕಿಂತ ದಪ್ಪ. ದರೋಡೆಗೆ ಹೆದರಿ ಕಟ್ಟಿದ್ದು. ಬೀದಿ ಬಾಗಿಲೊಂದು, ಅಡುಗೆಮನೆಯ ಹೊಗೆಗಂಡಿಯೊಂದು ಬಿಟ್ಟರೆ ಇಡೀ ಮನೆಗೆ ಒಂದು ಕಿಂಡಿಯಿಲ್ಲ. ಬೆಳಿಗ್ಗೆ ನೋಡಿದವನೇ ಹಿಗ್ಗಿಹೋಗಿದ್ದ.

ಆಗ ಮುನಿಗಂಗಮ್ಮ ಕೇಳಿದ್ದು ಒಂದೇ ಪ್ರಶ್ನೆ. "ನೀವು ಬರ್ದು ಸೈ ಆಕಿದ್ಮ್ಯಾಲೆ ಯಾರೂ ಏನೂ ಮಾಡಂಗಿಲ್ವಾ ಸ್ವಾಮಿ?"

"ಸಂಜೆ ಮೊಹರು ಬಿತ್ತು ಅಂದ್ರೆ ಮುಗೀತಮ್ಮ. ದೇವರೇ ಬಂದ್ರೂ ಬದಲಾಗಲ್ಲ."

ಈಗ ಅವನಿಗೆ ಅರ್ಥವಾಯಿತು. ಜಾಲಹಳ್ಳಿ ಕಡೆ ಕಾರ್ಖಾನೆಗಳಿಗೆಂದು ಹೊಲಮನೆ ಕಳೆದುಕೊಂಡವರನ್ನು ಈಕೆ ಕಂಡಿರಬೇಕು. ಟೇಪು ಹಿಡಿದು ಬಂದವನು ಮನೆ ಕೆಡವುವವನೇ ಎಂದುಕೊಂಡಿದ್ದಾಳೆ, ಪಾಪ.

ಬಾಗಿಲಿಗೆ ಬಾಯಿಟ್ಟು ಕೂಗಿದ. "ನಾನು ಮನೆ ಒಡೆಯೋನಲ್ಲ ಕಣ್ರೀ, ಉಳಿಸೋನು! ನಾನು ಬರೆದ್ರೆ ಒಂದು ಹೆಂಟೆ ಮಣ್ಣೂ ಕದಲಲ್ಲ!"

"ಒಂದು ಹೆಂಟೇನೂ?" ಮುನಿಗಂಗಮ್ಮನ ದನಿ.

"ಒಂದೂ ಇಲ್ಲ! ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರತ್ತೆ. ಆಣೆ ಮಾಡ್ತೀನಿ!"

"ಅಂಗಾರೆ ಇನ್ನೊಸಿ ಒತ್ತು ಅಲ್ಲೇ ಕುಂತಿರಿ," ಎಂದಳು. ಹೆಜ್ಜೆಗಳು ದೂರವಾದವು.

ಅಳೆಯಲೆಂದು ಹಚ್ಚಿಟ್ಟಿದ್ದ ಟಾರ್ಚು ಕೆಂಪಗಾಗಿ ಆರಿಹೋಯಿತು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಕತ್ತಲು. ಹಳೆಯ ಹೊಗೆ, ಹರಳೆಣ್ಣೆ, ಸಾಂಬ್ರಾಣಿಯ ಕಮಟು ಗಂಟಲಿಗೆ ಅಡರಿತು. 'ಒಳಗೆ ಹಿತವಾದ ತಂಪು' ಎಂದು ಬೆಳಿಗ್ಗೆಯಷ್ಟೇ ಹೊಗಳಿ ಬರೆದಿದ್ದ. ಈಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಗೋಡೆ ಸವರುತ್ತ ಸುತ್ತಿದ. ಏಳು ಹೆಜ್ಜೆ, ಐದು ಹೆಜ್ಜೆ, ಮತ್ತೆ ಏಳು. ಕೊನೆಗೆ ಬಾಗಿಲ ಕೆಳಗಿನ ಸಂದಿಗೆ ಮೂಗಿಟ್ಟು ಮಲಗಿಬಿಟ್ಟ.

"ನೀರಾದ್ರೂ ಕೊಡಿ! ಸಂದಿಯಿಂದ ಒಂದು ತಟ್ಟೇಲಿ ತಳ್ಳಿ!"

"ನಂಗೆ ಬಗ್ಗಕ್ಕಾಗಲ್ಲ ಸ್ವಾಮಿ." ಎಳೆಯ ದನಿ, ಏದುಸಿರು. ಬೆಳಿಗ್ಗೆ ಹೆಸರಷ್ಟೇ ಕೇಳಿದ್ದ ಸೊಸೆ ಮುನಿಯಲ್ಲಮ್ಮನಿರಬೇಕು.

ಸಾಯುವವನಿಗೆ ನೀರು ಕೊಡಲೂ ಬಗ್ಗದಷ್ಟು ಸೊಕ್ಕೇ! ಅವನಿಗೆ ಅಳು ಬಂತು. ಯಾರೂ ನೋಡುತ್ತಿರಲಿಲ್ಲ, ಅತ್ತ.

ಅಷ್ಟರಲ್ಲಿ ಹಿಂಬದಿಯ ಗೋಡೆ ಧಡ್ ಎಂದಿತು. ಮತ್ತೊಮ್ಮೆ. ತಲೆಯ ಮೇಲೆ ಮಣ್ಣು ಉದುರಿತು. ಊರವರು ಸೇರಿದರೇ? ಗೋಡೆ ಉರುಳಿಸಿ ಅವನನ್ನು ಇಲ್ಲೇ ಹೂತು, ಹಳೇ ಮನೆ, ತಾನಾಗಿಯೇ ಬಿತ್ತು ಎಂದುಬಿಟ್ಟರೆ ಕೇಳುವವರು ಯಾರು?

"ಬರೆಯಲ್ಲ! ಏನೂ ಬರೆಯಲ್ಲ, ಬಿಟ್ಬಿಡಿ!"

ಏಟು ನಿಲ್ಲಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಾರೆಯ ಮೂತಿಯೊಂದು ಗೋಡೆ ತೂರಿ ಒಳಗೆ ಬಂತು. ಅದರ ಹಿಂದೆಯೇ ಬಿಸಿಲು. ಕಂಡಿ ಹಿಗ್ಗುತ್ತ ಮೊರದಗಲವಾಯಿತು. ಗಾರೆ ಮೇಸ್ತ್ರಿ ಲಾಲ್ ಸಾಬ್ ಇಣುಕಿ, "ಚೌಕಟ್ಟು ಕೂರ್ತದೆ ಅಕ್ಕಾ," ಎಂದು ಪಕ್ಕಕ್ಕೆ ಸರಿದ. ಅಲ್ಲಿ ಮುನಿಗಂಗಮ್ಮನ ಮುಖ ಕಾಣಿಸಿತು, ರೆಪ್ಪೆಯ ಮೇಲೆಲ್ಲ ಕೆಂಪು ಧೂಳು. ನೀರಿನ ಚೊಂಬನ್ನು ಒಳಗೆ ಚಾಚಿದಳು. ಅವನು ಕುಡಿದು ಮುಗಿಸುವವರೆಗೆ ಕಾದಳು.

"ಈ ಕೋಣೇಲಿ ನಂಗೆ ಆರು ಬಾಣಂತನ ಆಯ್ತು ಸ್ವಾಮಿ. ನಾಕು ಮಕ್ಳು ಬಿಸ್ಲೇ ಕಾಣ್ದಂಗೆ ಹೋದ್ವು. ಗಂಡ ಇರೋಗಂಟ ಗೋಡೆ ಮುಟ್ಟಕ್ಕೆ ಬಿಡ್ಲಿಲ್ಲ. ಈಗ ನೀವು ಬಂದ್ರಿ, ಬರ್ದ್ಮ್ಯಾಲೆ ಒಂದು ಹೆಂಟೇನೂ ಕದಲಂಗಿಲ್ಲ ಅಂದ್ರಿ. ಸೊಸೆಗೆ ಇವತ್ತೋ ನಾಳೇನೋ ಅನ್ನಂಗೈತೆ, ಅವಳೂ ಇಲ್ಲೇ ಮಲಗ್ಬೇಕು."

ಚೊಂಬು ವಾಪಸು ಈಸಿಕೊಂಡು ಅವಳು ಹೇಳಿದಳು: "ಈಗ ಬರ್ಕಳಿ, ಈ ಕಿಟಕೀನೂ ಸೇರ್ಸಿ. ಇನ್ಯಾವನೂ ಮುಚ್ಚಂಗಿರಬಾರ್ದು."