ನಿರ್ಮಾಣ ಕಾಲ

"ನಿಲ್ಸಿ, ನಿಲ್ಸಿ. ಯಾರು ಹೇಳಿದ್ದು ಇದನ್ನ ಕೀಳೋಕೆ?" ಎನ್ನುತ್ತ ಸೋಮಶೇಖರಪ್ಪ ಮೇಷ್ಟ್ರು ಜೀಪು ನಿಲ್ಲುವ ಮೊದಲೇ ಕಾಲು ಕೆಳಗಿಟ್ಟರು. ಹಟ್ಟಿಯ ನಡುವೆ ಹುಲ್ಲು ಹೊದಿಸಿದ ದೇವರ ಗುಡ್ಲಿನ ಸೂರಿನ ಮೇಲೆ ಕೂತಿದ್ದ ದೊಡ್ಡಪಾಲಯ್ಯ, ಕಪ್ಪಿಟ್ಟಿದ್ದ ಹಳೆಯ ಹುಲ್ಲನ್ನು ಬಾಚಿ ಬಾಚಿ ಕೆಳಕ್ಕೆ ಎಸೆಯುತ್ತಿದ್ದ. ಅದರ ಧೂಳು ನೆಟ್ಟಗೆ ಬಂದು ಮೇಷ್ಟ್ರ ಬಿಳಿ ಅಂಗಿಯ ಮೇಲೆ ಕೂತಿತು.

ಜೀಪಿನ ಹಿಂದಿನ ಸೀಟಿನಲ್ಲಿ ಸುನಿತಾ ತಲೆ ತಗ್ಗಿಸಿದಳು. ಮೇಲೆ ಕೂತವನು ಅವಳ ತಾತ. ಸಿದ್ದಾಪುರದಲ್ಲಿ ಹತ್ತು ದಿನದಿಂದ ಮೇಷ್ಟ್ರು ಸ್ಮಾರಕ ರಕ್ಷಣೆಯ ತರಬೇತಿ ನಡೆಸುತ್ತಿದ್ದರು. ನಾಳೆ ಸರ್ಟಿಫಿಕೇಟು, ಅದು ಕೈಯಲ್ಲಿದ್ದರೆ ಗುಡ್ಡದ ಶಾಸನದ ಹತ್ತಿರ ಗೈಡಿನ ಕೆಲಸ. ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತವಳಿಗೆ ಅದೇ ದೊಡ್ಡದು. ಈ ಹತ್ತು ದಿನದಲ್ಲಿ ಅವಳು ಬಾಯಿ ಬಿಟ್ಟದ್ದು ಹಾಜರಿಗೆ ಮಾತ್ರ. ಕೊನೆಯ ಪರೀಕ್ಷೆಯೆಂದು, ತಮ್ಮ ಊರಿನ ಒಂದು ಹಳೆಯ ಕಟ್ಟಡದ ವಿವರವನ್ನು ಎಲ್ಲರೂ ಒಂದು ಹಾಳೆಯಲ್ಲಿ ತುಂಬಿ ಮೇಷ್ಟ್ರ ಸಹಿ ಪಡೆಯಬೇಕಿತ್ತು. ಉಳಿದವರು ಕೋಟೆ, ಕಲ್ಲುಗುಡಿ, ಬಾವಿ ಎಂದು ಬರೆದರು. ಸುನಿತಾ ಹಟ್ಟಿಯ ಗುಡ್ಲನ್ನು ಬರೆದಳು. 'ನಿರ್ಮಾಣ ಕಾಲ' ಎಂದಿದ್ದ ಕಡೆ 'ಪ್ರತಿ ವರ್ಷ, ಕಾರ್ತೀಕ' ಎಂದು ತುಂಬಿದಳು. ಮೇಷ್ಟ್ರು ಅದನ್ನು ಎರಡು ಸಲ ಓದಿ, "ಹೋಗಿ ನೋಡೇ ಬಿಡಾಣ" ಎಂದು ಎಲ್ಲರನ್ನೂ ಜೀಪು ಹತ್ತಿಸಿದ್ದರು.

"ಏಮ್ಮಾ, ಏಮಂಟಾಡು ಆಯನ?" ಏನಂತಾರೆ ಇವರು ಎಂದು ತಾತ ಮನೆಮಾತಿನ ತೆಲುಗಿನಲ್ಲಿ ಮೇಲಿನಿಂದಲೇ ಕೇಳಿದ.

"ಹಳೇದನ್ನ ಮುಟ್ಟಬಾರ್ದಂತೆ ತಾತ." ಸುನಿತಾ ಜೀಪಿನಿಂದ ಇಳಿದು, ಬೇಕೆಂದೇ ಕನ್ನಡದಲ್ಲಿ ಹೇಳಿದಳು.

"ನಾವು ಮುಟ್ಟದಿದ್ರೆ ಗೆದ್ಲು ಮುಟ್ತೈತೆ."

ಕೆಳಗೆ ಹೊಸದಾಗಿ ಹೊದಿಸಲು ತಂದ ಬಾದೆಹುಲ್ಲಿನ ಕಟ್ಟನ್ನು, ತಮ್ಮ ಮನೆಯ ಸಿವುಡನ್ನು, ಹಿಡಿದು ನಿಂತಿದ್ದ ಲಕ್ಷ್ಮಕ್ಕ ಸೆರಗು ಬಾಯಿಗೊತ್ತಿ ನಕ್ಕಳು. ಅವಳ ಹಿಂದೆ ಇನ್ನೂ ಹತ್ತಾರು ಜನ. ಹಟ್ಟಿಯ ಮನೆಗೊಂದು ಸಿವುಡು. ಒಂದು ಮನೆಯದು ತಪ್ಪಿದರೂ ಗುಡ್ಲು ಹೊದ್ದಂತಲ್ಲ.

ಮೇಷ್ಟ್ರು ಅಂಗಿ ಕೊಡವಿಕೊಂಡರು. ಸಿಟ್ಟಿನ ಮನುಷ್ಯರಲ್ಲ. "ನೋಡಮ್ಮ, ಪಾಠದಲ್ಲಿ ಏನ್ ಹೇಳಿದ್ದೆ? ಮೂಲ ವಸ್ತು ಉಳೀಬೇಕು ಅಂದಿದ್ದೆ. ಇಲ್ಲಿ ಮೂಲ ಎಲ್ಲೈತೆ? ಹುಲ್ಲು ಹೊಸದು, ಗಳ ಹೊಸದು, ನಾರು ಹೊಸದು. ಜಟಿಂಗ ರಾಮೇಶ್ವರನ ಗುಡಿ ಐತಲ್ಲ, ಇದನ್ನ ಹೊಡೆದು ಅದನ್ನ ಬರಿ. ಈಗ್ಲೇ ಸೈನ್ ಹಾಕ್ತೀನಿ." ಹಾಳೆಯನ್ನು ಬಾನೆಟ್ಟಿನ ಮೇಲೆ ಹರಡಿ ತಮ್ಮ ಪೆನ್ನನ್ನೇ ಮುಂದೆ ಹಿಡಿದರು.

"ಬರ್ದುಬಿಡು ಸುನಿತಾ. ರಾಮೇಶ್ವರ ಏನ್ ಬೇಜಾರು ಮಾಡ್ಕಳಲ್ಲ," ಎಂದ ಜೊತೆಗೆ ಕಲಿಯುತ್ತಿದ್ದ ಮಾರುತೇಶ. ಜೀಪಿನಲ್ಲಿದ್ದವರು ನಕ್ಕರು.

ಸುನಿತಾ ಪೆನ್ನು ಮುಟ್ಟಲಿಲ್ಲ. ಮೇಷ್ಟ್ರ ಚಪ್ಪಲಿಯನ್ನೇ ನೋಡುತ್ತ, "ಮೂಲ ಇಲ್ಲೇ ಐತೆ ಸರ್," ಎಂದಳು. "ಈ ಹುಲ್ಲು ಬಿಗಿಯೋ ಗಂಟು ತಾತಂಗೆ ಅವರಪ್ಪ ಕಲಿಸಿದ್ದು. ಅವರಿಗೆ ಅವರಪ್ಪ. ಎರಡು ವರ್ಷ ಬಿಚ್ಚದೆ ಬಿಟ್ರೆ ಕಟ್ಟೋದು ಯಾರಿಗೂ ಬರಲ್ಲ. ಹತ್ತು ದಿನ ನೀವು ಕಲ್ಲನ್ನ ಹೆಂಗೆ ಕಾಯ್ಬೇಕು ಅಂತ ಹೇಳಿಕೊಟ್ರಿ. ಕೈನ ಹೆಂಗೆ ಕಾಯ್ಬೇಕು ಅಂತ ಒಂದಿನಾನೂ ಹೇಳ್ಲಿಲ್ಲ."

ಮೇಷ್ಟ್ರು ಪೆನ್ನಿಗೆ ಕ್ಯಾಪು ಹಾಕಿದರು. "ಮಾತು ಚೆನ್ನಾಗೈತೆ. ಫಾರಮ್ಮಿನಲ್ಲಿ ಅದಕ್ಕೆ ಜಾಗ ಇಲ್ಲ. ಬರೀದಿದ್ರೆ ನಾಳೆ ನಿನ್ನ ಹೆಸರು ಕೂಗಲ್ಲ. ಯೋಚ್ನೆ ಮಾಡಿ ಹೇಳು."

ಹಳೆಯ ಹುಲ್ಲೆಲ್ಲ ಇಳಿದಿತ್ತು. ಬರಿಗಳದ ನಡುವಿನಿಂದ ತಾತನ ತಲೆ ಕಾಣಿಸಿತು. "ನಮ್ಮನೆ ಸಿವುಡು ಎಲ್ಲಿ? ಮೊದಲ್ನೇ ಸಾಲು ನಮ್ಮದೇ."

ಸುನಿತಾ ಬಾನೆಟ್ಟಿನ ಮೇಲಿನ ಹಾಳೆ ತೆಗೆದುಕೊಂಡಳು. ಅದನ್ನು ಬೀಡಿಯಂತೆ ಸಣ್ಣಗೆ ಸುತ್ತಿದಳು. ಗೋಡೆಗೆ ಒರಗಿಸಿದ್ದ ತಮ್ಮ ಮನೆಯ ಸಿವುಡಿನ ನಡುವೆ ಅದನ್ನು ತುರುಕಿ, ಕತ್ತಾಳೆ ನಾರು ಸುತ್ತಿ, ಮೊಣಕಾಲು ಒತ್ತಿ ಗಂಟು ಬಿಗಿದಳು. ನೋಡದೆಯೇ ಬಿಗಿದಳು, ಬೆರಳಿಗೆ ಗೊತ್ತಿತ್ತು. ಎತ್ತಿ ಕೊಟ್ಟಳು. ತಾತ ಅದನ್ನು ಸೂರಿನ ಅಂಚಿಗೆ ಕೂರಿಸಿ, ಅಂಗೈಯಿಂದ ಎರಡು ಪೆಟ್ಟು ಹಾಕಿದ. ಲಕ್ಷ್ಮಕ್ಕನ ಸಿವುಡು ಅದರ ಪಕ್ಕಕ್ಕೆ ಬಂತು.

"ಏನಮ್ಮ ಇದು? ಆ ಹಾಳೆ..." ಎಂದರು ಮೇಷ್ಟ್ರು.

"ಬರೋ ಕಾರ್ತೀಕಕ್ಕೆ ಬಿಚ್ತೀವಿ ಸರ್." ಈ ಸಲ ಸುನಿತಾ ಅವರ ಮುಖ ನೋಡಿಯೇ ಹೇಳಿದಳು. "ಅಷ್ಟೊತ್ತಿಗೆ ಅದೂ ಒಂದು ವರ್ಷ ಹಳೇದಾಗಿರ್ತೈತೆ. ಆಗ ಬಂದು ಸೈನ್ ಹಾಕ್ರಿ."