ದೇವರ ಪಾಲು

ದಿನವೂ ಒಲೆ ಹಚ್ಚುವ ಮುನ್ನ ಸುವಾರ್ತಮ್ಮ ದೇವರ ಪಾಲೆಂದು ಒಂದು ಹಿಡಿ ನುಚ್ಚನ್ನು ಡಬ್ಬಕ್ಕೆ ಹಾಕಿಡುತ್ತಿದ್ದಳು. ಚರ್ಚಿನವರು ತಿಂಗಳಿಗೊಮ್ಮೆ ಬಂದು ಒಯ್ಯುತ್ತಿದ್ದರು. ಇವತ್ತು ಆ ಡಬ್ಬ ಬಿಟ್ಟರೆ ಮನೆಯಲ್ಲಿ ಬೇರೆಲ್ಲೂ ಒಂದು ಕಾಳೂ ಇರಲಿಲ್ಲ.

"ಅದರಲ್ಲೇ ಗಂಜಿ ಮಾಡಮ್ಮ, ಹೊಟ್ಟೆ ಚುರುಗುಟ್ತಿದೆ," ಎಂದಳು ಮಗಳು.

"ಮುಟ್ಬೇಡ, ಅದು ದೇವರದು. ನಮಗೂ ಕೊಡ್ತಾನೆ. ಬಾ, ಮೊಣಕಾಲೂರಿ ಕೇಳೋಣ."

ಆಮೆನ್ ಅನ್ನುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಚರ್ಚಿನ ಸಭಾಪಾಲಕರ ಹೆಂಡತಿ ಚೀಲ ಹಿಡಿದು ನಿಂತಿದ್ದರು.

"ನೋಡಿದ್ಯಾ?" ಎಂದು ಮಗಳತ್ತ ತಿರುಗಿದ ಸುವಾರ್ತಮ್ಮನ ಕಣ್ಣು ತುಂಬಿತ್ತು.

ಅವರು ಖಾಲಿ ಚೀಲದ ಬಾಯಿ ಬಿಡಿಸಿ ಹಿಡಿದರು. "ಹಿಡಿಯಕ್ಕಿ ಸುರಿಯಮ್ಮ. ಈ ಸಲವೂ ನುಚ್ಚೇನಾ? ಹೋದ ತಿಂಗಳದ್ದನ್ನ ನಮ್ಮನೆ ಕೋಳಿಗೇ ಹಾಕಿಬಿಟ್ಟೆ."