ಮರೆವಿನ ಹನಿ

ಬೇಸಿಗೆ ರಜೆಗೆ ಮುಂಚೆ ಅತಿಥಿ ಶಿಕ್ಷಕಿಯನ್ನು ಬಿಟ್ಟು ಊರಿನವರ ನಾಲಿಗೆಗೆಲ್ಲ ಮರೆವಿನ ಹನಿ ಹಾಕುವುದು ಇಲಾಖೆಯ ಪದ್ಧತಿ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಹಳೆಯ ಅತಿಥಿ ಶಿಕ್ಷಕಿಯ ನೆನಪು ಯಾರಿಗೂ ಇರುವುದಿಲ್ಲ. ಯಾರಿಗೂ ನೆನಪಿಲ್ಲದವಳಿಗೆ ಸೇವಾವಧಿಯೆಲ್ಲಿ, ವೇತನಶ್ರೇಣಿಯೆಲ್ಲಿ!

ಹೇಮಾವತಿ ಈ ಸಲವೂ ತರಗತಿಯಲ್ಲಿ ನಿಂತು, "ನಾನು ನಿಮ್ಮ ಹೊಸ ಗಣಿತದ ಟೀಚರ್" ಎಂದಳು. ಅವಳೇ ಮಗ್ಗಿ ಕಲಿಸಿದ ಹುಡುಗಿಯರು ಪಿಳಿಪಿಳಿ ನೋಡಿದರು.

ಅವಳಿಗೆ ಬೇಸರವಾಗಲಿಲ್ಲ. ಕಾಯಂ ಶಿಕ್ಷಕರು ಹನಿ ಬೇಡವೆನ್ನಬಹುದು. ಯಾರೂ ಅನ್ನುವುದಿಲ್ಲ, ಅಷ್ಟೇ. ಆದರೆ ಕಾತ್ಯಾಯಿನಿ ಮೇಡಂ, "ಈ ವರ್ಷ ನಾನು ಹಾಕಿಸ್ಕೊಳಲ್ಲ ಕಣೆ, ಸಾಕ್ಷಿ ಹೇಳ್ತೀನಿ" ಎಂದು ಕೈ ಹಿಡಿದು ಮಾತು ಕೊಟ್ಟಿದ್ದರು. ಒಬ್ಬರು ನೆನಪಿದೆ ಎಂದರೂ ಸಾಕು, ಹೇಮಾವತಿಯ ಕೆಲಸವೂ ಕಾಯಂ.

ಮಧ್ಯಾಹ್ನ ಇಲಾಖೆಯ ಸಾಹೇಬರು ಸ್ಟಾಫ್ ರೂಮಿಗೆ ಬಂದು ಕೇಳಿದರು. "ಇವರು ಗೊತ್ತಾ ಮೇಡಂ?"

"ಇಲ್ಲ ಸಾರ್," ಎಂದರು ಕಾತ್ಯಾಯಿನಿ. "ಇವತ್ತೇ ನೋಡ್ತಿರೋದು."

ಸಾಹೇಬರು ಹೊರಟುಹೋದರು. ಪಾಪ, ಮೇಲಿನವರಿಗೆ ಹೆದರಿ ಹನಿ ಹಾಕಿಸಿಕೊಂಡಿರಬೇಕು ಎಂದು ಹೇಮಾವತಿ ಕಣ್ಣೊರೆಸಿಕೊಂಡಳು. ನೆನಪೇ ಇಲ್ಲದವರನ್ನು ಬೈದು ಏನು ಬಂತು?

"ಊಟ ತಂದಿಲ್ವೇನಮ್ಮ? ಬನ್ನಿ, ನಂದ್ರಲ್ಲೇ ತಿನ್ನೋಣ," ಎಂದು ಕಾತ್ಯಾಯಿನಿ ಡಬ್ಬಿ ತೆರೆದರು. ಮುಚ್ಚಳಕ್ಕೆ ಚಿತ್ರಾನ್ನ ಹಾಕಿ, ಸೆಕೆಯ ಬಗ್ಗೆ ಮಾತಾಡುತ್ತಲೇ ಅದರೊಳಗಿನ ಕಡಲೆಬೀಜಗಳನ್ನೆಲ್ಲ ಆರಿಸಿ ತೆಗೆದು, ಮುಚ್ಚಳವನ್ನು ಅವಳ ಮುಂದೆ ಸರಿಸಿದರು.

ಕಡಲೆಬೀಜ ತಿಂದರೆ ಗಂಟಲು ಊದಿಕೊಳ್ಳುತ್ತದೆಂದು ಹೇಮಾವತಿ ಈ ವರ್ಷ ಇನ್ನೂ ಯಾರಿಗೂ ಹೇಳಿರಲಿಲ್ಲ.